ಡಿವೋರ್ಸ್, ಡಿಸಲ್ಯೂಷನ್, ಡಿಕ್ರಿ ನೈಸೈ: ಮದುವೆ ಮುರಿಯುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಮಾತು ಯಾಕೆ?

ಪ್ರಶ್ನೆ: ಮೈಸೂರಿನ ಅನುವಾದಕಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಒಬ್ಬ ವಕೀಲರ ಕಚೇರಿಗೆ ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ನನ್ನದು. ಕ್ರಯಪತ್ರ, ವಿಲ್ಲು, ಪವರ್ ಆಫ್ ಅಟಾರ್ನಿ ಇವೆಲ್ಲ ಕೈಗೆ ಕೂತಿವೆ. ಮದುವೆ ಮುರಿದ ಕಾಗದ ಬಂದರೆ ಮಾತ್ರ ಕೈ ನಿಲ್ಲುತ್ತದೆ.

ಈಗ ಮೇಜಿನ ಮೇಲೆ ಅಂಥವು ಮೂರು ಇವೆ. ಮೊದಲನೆಯದು ಇಂಗ್ಲೆಂಡಿನ ಕೋರ್ಟಿನದು, 2016ರದು. ತಲೆಬರಹ ‘ಡಿಕ್ರಿ ಆಬ್ಸಲ್ಯೂಟ್’. ಎರಡನೆಯದೂ ಇಂಗ್ಲೆಂಡಿನದೇ, 2023ರದು. ಅದರಲ್ಲಿ ‘ಫೈನಲ್ ಆರ್ಡರ್’ ಅಂತಿದೆ, ಡಿಕ್ರಿ ಅನ್ನುವ ಮಾತೇ ಇಲ್ಲ. ಎರಡೂ ಒಂದೇನಾ ಅಂತ ಕಾಗದ ತಂದ ಮನೆಯವರು ಕೇಳುತ್ತಿದ್ದಾರೆ.

ಮೂರನೆಯದು ಕಚೇರಿ ಕೆಲಸವಲ್ಲ. ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು ತಂದುಕೊಟ್ಟ ಹಳೆ ಚರ್ಚ್ ಕೋರ್ಟಿನ ತೀರ್ಪಿನ ನಕಲು, 1790ರ ದಶಕದ್ದು. ಅದರಲ್ಲಿ ಗಂಡ ಹೆಂಡತಿಗೆ ‘ಡಿವೋರ್ಸ್’ ಕೊಟ್ಟಿದೆ ಅಂತ ಸ್ಪಷ್ಟವಾಗಿದೆ. ಆದರೆ ಒಬ್ಬರು ಬದುಕಿರುವ ತನಕ ಇನ್ನೊಬ್ಬರು ಬೇರೆ ಮದುವೆ ಆಗಕೂಡದು ಅಂತಲೂ ಅದರಲ್ಲೇ ಇದೆ! ಡಿವೋರ್ಸ್ ಆದ ಮೇಲೆ ಇದೆಂಥ ಕಟ್ಟು?

ಡಿಕ್ಷನರಿ ನೋಡಿದ್ದೇನೆ, ಸಾಲದು. ಈ ಮಾತುಗಳ ಹಿಂದಿನ ಕಥೆ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಧಾರವಾಡದ ಹಳೆ ವಕೀಲ

ಮೇಡಂ, ಬಹಳ ಒಳ್ಳೆಯ ಪ್ರಶ್ನೆ. ನಾನು ಧಾರವಾಡದಲ್ಲಿ ಕೌಟುಂಬಿಕ ಕೇಸುಗಳನ್ನೇ ಜಾಸ್ತಿ ನಡೆಸಿ ನಿವೃತ್ತನಾದವನು. ಕಿರಿಯ ವಕೀಲರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ. ಮದುವೆ ಕಾಗದದಲ್ಲಿ ಮೊದಲು ಇಸವಿ ನೋಡು, ಆಮೇಲೆ ಯಾವ ಕೋರ್ಟು ನೋಡು, ಕಡೆಗೆ ಪದ ನೋಡು. ಇಂಗ್ಲೆಂಡಿನಲ್ಲಿ ಕಾನೂನು ಬದಲಾದರೂ ಪದ ಹಾಗೇ ಉಳಿದದ್ದುಂಟು. ಪದ ಬದಲಾಗಿ ಕಾನೂನು ಹಾಗೇ ಉಳಿದದ್ದೂ ಉಂಟು.

ನಿಮ್ಮ ಮೂರನೇ ಕಾಗದವನ್ನೇ ಮೊದಲು ತೆಗೆದುಕೊಳ್ಳೋಣ. 1858ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಮದುವೆ ವ್ಯಾಜ್ಯ ಕೇಳುತ್ತಿದ್ದದ್ದು ಚರ್ಚ್ ಕೋರ್ಟುಗಳು. ಅಲ್ಲಿ ‘ಡಿವೋರ್ಸ್’ ಅನ್ನುವ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಪರಿಹಾರ ಇದ್ದವು. ಒಂದು ‘ಎ ಮೆನ್ಸಾ ಎಟ್ ಥೋರೋ’. ಲ್ಯಾಟಿನ್‌ನಲ್ಲಿ ಊಟದ ಮೇಜಿನಿಂದಲೂ ಹಾಸಿಗೆಯಿಂದಲೂ ಅಂತ. ಗಂಡ ಹೆಂಡತಿ ಒಟ್ಟಿಗೆ ಉಣ್ಣಬೇಕಿಲ್ಲ, ಮಲಗಬೇಕಿಲ್ಲ, ಒಂದೇ ಸೂರಿನಡಿ ಇರಬೇಕಿಲ್ಲ. ಆದರೆ ಮದುವೆ ಗಟ್ಟಿಯಾಗೇ ಇರುತ್ತದೆ. 1604ರ ಚರ್ಚ್ ನಿಯಮದ ಪ್ರಕಾರ, ಒಬ್ಬರು ಬದುಕಿರುವಾಗ ಇನ್ನೊಬ್ಬರು ಮರುಮದುವೆ ಆಗುವುದಿಲ್ಲ ಅನ್ನುವ ಷರತ್ತು ತೀರ್ಪಿನಲ್ಲೇ ಇರಬೇಕಿತ್ತು. ನಿಮ್ಮ ನಕಲಿನಲ್ಲಿ ಇರುವುದು ಅದೇ. ಇನ್ನೊಂದು ‘ಎ ವಿಂಕ್ಯುಲೋ ಮ್ಯಾಟ್ರಿಮೋನೈ’, ಮದುವೆಯ ಕಟ್ಟಿನಿಂದಲೇ ಬಿಡುಗಡೆ. ಇದು ಸಿಗುತ್ತಿದ್ದದ್ದು ಆ ಮದುವೆ ಮೊದಲಿಂದಲೂ ಮದುವೆಯೇ ಆಗಿರಲಿಲ್ಲ ಅಂತ ತೋರಿಸಿದಾಗ. ಇವತ್ತು ಅದಕ್ಕೆ ಅನಲ್‌ಮೆಂಟ್, ನಲ್ಲಿಟಿ ಅಂತ ಹೇಳುತ್ತಾರೆ.

ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ‘ಡಿವೋರ್ಸ್’ ಅಂತ ಶಾಲೆಯಲ್ಲಿ ಓದಿರುತ್ತೀರಲ್ವಾ? ಅದು ಈ ಎರಡನೇ ಜಾತಿಯದು. ಕ್ಯಾಥರೀನ್ ಆಫ್ ಅರಗಾನ್ ಜೊತೆ 1509ರಲ್ಲಿ ಆದ ಮದುವೆ ಮೊದಲಿಂದಲೇ ಅಸಿಂಧು ಅಂತ ಆರ್ಚ್‌ಬಿಷಪ್ ಕ್ರಾನ್ಮರ್ 1533ರ ಮೇ 23ರಂದು ಡನ್‌ಸ್ಟೇಬಲ್‌ನಲ್ಲಿ ಸಾರಿದರು. ಇಪ್ಪತ್ತು ವರ್ಷ ದಾಟಿದ ಸಂಸಾರ ಕಾಗದದ ಮೇಲೆ ಇಲ್ಲವಾಯಿತು. ಮಗಳು ಮೇರಿ ಅಕ್ರಮ ಸಂತಾನ ಅನ್ನಿಸಿಕೊಂಡಳು. ಇದನ್ನು ‘ವಿಚ್ಛೇದನ’ ಅಂತ ಕನ್ನಡಕ್ಕೆ ತಂದರೆ ಆ ಹುಡುಗಿಗೆ ಆದ ಅನ್ಯಾಯವೇ ಕಾಣುವುದಿಲ್ಲ. ವಿಚ್ಛೇದನ ಆದವರ ಮಕ್ಕಳು ಸಕ್ರಮ ಮಕ್ಕಳೇ ಆಗಿರುತ್ತಾರೆ.

ಹಾಗಾದರೆ ನಿಜವಾಗಿ ಮದುವೆ ಮುರಿದು ಬೇರೆ ಮದುವೆ ಆಗಬೇಕಿದ್ದವರು ಏನು ಮಾಡುತ್ತಿದ್ದರು? ಪಾರ್ಲಿಮೆಂಟಿಗೆ ಹೋಗುತ್ತಿದ್ದರು. ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಕಾಯ್ದೆ! 1670ರಲ್ಲಿ ಲಾರ್ಡ್ ರೂಸ್ ಮರುಮದುವೆಗೆ ಕಾಯ್ದೆ ಪಡೆದ ಮೇಲೆ ಈ ದಾರಿ ತೆರೆದುಕೊಂಡಿತು. ಕಾಲ ಕಳೆದಂತೆ ಅದಕ್ಕೊಂದು ಕ್ರಮ ಬಂತು. ಮೊದಲು ಚರ್ಚ್ ಕೋರ್ಟಿನಲ್ಲಿ ಮೇಜು ಹಾಸಿಗೆಯ ಡಿವೋರ್ಸ್. ಜೊತೆಗೆ ಸಾಮಾನ್ಯ ಕೋರ್ಟಿನಲ್ಲಿ ಹೆಂಡತಿಯ ಪ್ರಿಯಕರನ ಮೇಲೆ ನಷ್ಟ ಪರಿಹಾರದ ದಾವೆ. ಕಡೆಗೆ ಪಾರ್ಲಿಮೆಂಟು. ಮೂರು ಕಡೆಯ ಖರ್ಚು ತಾಳಿಕೊಳ್ಳುವವರು ಸಿರಿವಂತರು ಮಾತ್ರ. ಅದರಲ್ಲೂ ಗಂಡಸರೇ. 1857ರ ತನಕ ಸುಮಾರು 300ಕ್ಕೂ ಹೆಚ್ಚು ಕಾಯ್ದೆ ಆದವು, ಹೆಂಗಸರಿಗೆ ಸಿಕ್ಕಿದ್ದು 4. ಮೊದಲನೆಯವಳು ಜೇನ್ ಆಡಿಸನ್, 1801ರಲ್ಲಿ. ಅವಳ ಗಂಡ ಅವಳ ಸ್ವಂತ ಅಕ್ಕತಂಗಿಯ ಜೊತೆಗೇ ಸಂಬಂಧ ಇಟ್ಟುಕೊಂಡಿದ್ದ. ಅಷ್ಟು ದೂರ ಹೋದ ಮೇಲೆ ಪಾರ್ಲಿಮೆಂಟಿನ ಮೇಲ್ಮನೆಯ ಲಾರ್ಡ್‌ಗಳು ಒಪ್ಪಿದರು.

ಆ ನಷ್ಟ ಪರಿಹಾರದ ದಾವೆಯ ಹೆಸರು ‘ಕ್ರಿಮಿನಲ್ ಕಾನ್ವರ್ಸೇಷನ್’. ಪತ್ರಿಕೆಗಳಲ್ಲಿ ಸಣ್ಣದು ಮಾಡಿ ‘ಕ್ರಿಮ್ ಕಾನ್’. ಕ್ರಿಮಿನಲ್ ಅಂತಿದ್ದರೂ ಇದು ಸಿವಿಲ್ ದಾವೆ. ಕಾನ್ವರ್ಸೇಷನ್ ಅಂದರೆ ಇಲ್ಲಿ ಮಾತುಕತೆ ಅಲ್ಲ, ದೇಹಸಂಬಂಧ. ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ದಾವೆ ಗಂಡನಿಗೂ ಆ ಇನ್ನೊಬ್ಬ ಗಂಡಸಿಗೂ ನಡುವೆ. ಹೆಂಡತಿ ಅದರಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಕಟಕಟೆ ಹತ್ತಿ ಒಂದು ಮಾತು ಆಡುವ ಹಾಗೂ ಇರಲಿಲ್ಲ. 1836ರಲ್ಲಿ ಜಾರ್ಜ್ ನಾರ್ಟನ್ ಅನ್ನುವವನು ಆಗಿನ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಮೇಲೆ ಇಂಥ ದಾವೆ ಹೂಡಿ ಸೋತ. ಹೆಂಡತಿ ಕ್ಯಾರೊಲಿನ್ ತಪ್ಪಿತಸ್ಥೆ ಅಂತ ಸಾಬೀತಾಗಲಿಲ್ಲ. ಆದರೂ ಅವಳ ಮೂವರು ಗಂಡುಮಕ್ಕಳನ್ನು ಅವನೇ ಇಟ್ಟುಕೊಂಡ, ಕಾನೂನು ಅವನ ಕಡೆಗಿತ್ತು. ಅವಳು ಸುಮ್ನೆ ಕೂರಲಿಲ್ಲ. ಬರೆದಳು, ಬರೆದಳು, ಮತ್ತೆ ಬರೆದಳು. 1839ರ ಮಕ್ಕಳ ಪಾಲನೆ ಕಾಯ್ದೆಯ ಹಿಂದೆಯೂ 1857ರ ಕಾಯ್ದೆಯ ಚರ್ಚೆಯ ಹಿಂದೆಯೂ ಅವಳ ಲೇಖನಿ ಇದೆ.

ಈ 1857ರ ಮ್ಯಾಟ್ರಿಮೋನಿಯಲ್ ಕಾಸಸ್ ಕಾಯ್ದೆಯಿಂದಲೇ ಪದಗಳ ಅರ್ಥ ಅದಲು ಬದಲಾಗಿದ್ದು. ಮದುವೆ ವ್ಯಾಜ್ಯ ಚರ್ಚಿನ ಕೈ ಬಿಟ್ಟು ಸರ್ಕಾರಿ ಕೋರ್ಟಿಗೆ ಬಂತು. ಕ್ರಿಮ್ ಕಾನ್ ಹೋಯಿತು. ಮೇಜು ಹಾಸಿಗೆಯ ಡಿವೋರ್ಸಿಗೆ ‘ಜುಡಿಷಿಯಲ್ ಸೆಪರೇಷನ್’ ಅನ್ನುವ ಹೊಸ ಹೆಸರು ಬಂತು. ‘ಡಿವೋರ್ಸ್’ ಅನ್ನುವ ಹಳೆ ಹೆಸರು ಮರುಮದುವೆಗೆ ಅವಕಾಶ ಇರುವ ಬಿಡುಗಡೆಗೆ ಮೀಸಲಾಯಿತು. ಇವತ್ತು ನಾವು ಆಡುವ ಡಿವೋರ್ಸ್ ಅದೇ. ಆದ್ದರಿಂದ 1858ಕ್ಕೆ ಹಿಂದಿನ ಚರ್ಚ್ ಕಾಗದದಲ್ಲಿ ‘ಡಿವೋರ್ಸ್’ ಕಂಡರೆ ವಿಚ್ಛೇದನ ಅಂತ ಬರೆಯಬೇಡಿ. ನಿಮ್ಮದರ ಹಾಗೆ ಮೇಜು ಹಾಸಿಗೆಯದಾದರೆ ‘ಪ್ರತ್ಯೇಕ ವಾಸಕ್ಕೆ ಚರ್ಚ್ ಕೋರ್ಟಿನ ಆದೇಶ’ ಅಂತ, ಕಟ್ಟಿನ ಬಿಡುಗಡೆಯದಾದರೆ ‘ಮದುವೆ ಅಸಿಂಧು ಅನ್ನುವ ಆದೇಶ’ ಅಂತ ಬಿಡಿಸಿ ಬರೆಯಿರಿ.

ಇದು ನಮಗೂ ಬಂದು ತಾಗಿದೆ. 1869ರ ಇಂಡಿಯನ್ ಡಿವೋರ್ಸ್ ಕಾಯ್ದೆ, ಅಂದರೆ ಕ್ರೈಸ್ತರಿಗೆ ಅನ್ವಯಿಸುವುದು, ಈ ಇಂಗ್ಲಿಷ್ ಕಾಯ್ದೆಯ ಅಚ್ಚಿನಲ್ಲೇ ಆದದ್ದು. ಅದರ 22ನೇ ಕಲಂ ಓದಿ ನೋಡಿ. ಆ ಲ್ಯಾಟಿನ್ ಮೇಜು ಹಾಸಿಗೆ ಇನ್ನೂ ಅಲ್ಲಿ ಕೂತಿದೆ. ಇನ್ನು ಮುಂದೆ ಅಂಥ ಡಿವೋರ್ಸ್ ಇಲ್ಲ, ಬದಲಿಗೆ ಜುಡಿಷಿಯಲ್ ಸೆಪರೇಷನ್ ಪಡೆಯಬಹುದು ಅನ್ನುತ್ತದೆ. ಪದ ಬಂದರೆ ಬರಲಿ, ತಾರತಮ್ಯವೂ ಜೊತೆಗೇ ಬಂತು. 1857ರ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕು. ಹೆಂಡತಿಗೆ ಸಾಲದು. ಜೊತೆಗೆ ಕ್ರೌರ್ಯವೋ ಬಿಟ್ಟುಹೋದದ್ದೋ ಇನ್ನೊಂದೋ ತೋರಿಸಬೇಕು. ಇಂಗ್ಲೆಂಡಿನವರು ಇದನ್ನು 1923ರಲ್ಲೇ ತೆಗೆದರು. ನಮ್ಮ ಕ್ರೈಸ್ತ ಹೆಣ್ಣುಮಕ್ಕಳು 2001ರ ತಿದ್ದುಪಡಿ ತನಕ ಕಾಯಬೇಕಾಯಿತು. ಕಾಯ್ದೆಯ ಹೆಸರಿನಿಂದ ‘ಇಂಡಿಯನ್’ ಅನ್ನುವುದು ಬಿದ್ದದ್ದೂ ಅದೇ ತಿದ್ದುಪಡಿಯಲ್ಲಿ.

ಇನ್ನು ಹಿಂದೂಗಳಿಗೆ ಕಾನೂನಿನ ಡಿವೋರ್ಸ್ ನಮ್ಮ ಧಾರವಾಡ, ಬೆಳಗಾವಿ ಕಡೆಗೆ 1947ರ ಬಾಂಬೆ ಕಾಯ್ದೆಯಿಂದ ಬಂತು. ಮಂಗಳೂರು ಕಡೆಗೆ 1949ರ ಮದ್ರಾಸ್ ಕಾಯ್ದೆ. ಆಮೇಲೆ 1955ರಲ್ಲಿ ಇಡೀ ದೇಶಕ್ಕೆ ಹಿಂದೂ ವಿವಾಹ ಕಾಯ್ದೆ. ಅದರ 10ನೇ ಕಲಂ ಜುಡಿಷಿಯಲ್ ಸೆಪರೇಷನ್, 11 ಅನೂರ್ಜಿತ ಮದುವೆ, 12 ಅನೂರ್ಜಿತ ಮಾಡಬಹುದಾದ ಮದುವೆ, 13 ಡಿವೋರ್ಸ್. ಚರ್ಚ್ ಕೋರ್ಟಿನ ಆ ಹಳೆ ವಿಂಗಡಣೆಯೇ ಸಪ್ತಪದಿ ತುಳಿದವರ ಕಾನೂನಿಗೂ ಬಂದು ಸೇರಿತು. ಆದರೆ ಪದ್ಧತಿಯ ಬಿಡುಗಡೆಯನ್ನು ಆ ಕಾಯ್ದೆ ಕಿತ್ತುಹಾಕಲಿಲ್ಲ. 29ನೇ ಕಲಂ ಅದನ್ನು ಕಾಪಾಡಿದೆ. ಹಾಗಾಗಿ ನಮ್ಮ ಕಡೆಯ ಹಳೆ ಕೇಸುಗಳಲ್ಲಿ ‘ಸೋಡಚೀಟಿ’, ಅಂದರೆ ಪದ್ಧತಿಯ ಪ್ರಕಾರ ಬಿಡುಗಡೆಯ ಚೀಟಿ, ಅನ್ನುವ ಮಾತು ಸಿಕ್ಕರೆ ಅದನ್ನು ಹಾಗೇ ಬಿಡಿ. ಅದು ಕೋರ್ಟಿನ ಡಿಕ್ರಿ ಅಲ್ಲ.

ಉತ್ತರ: ಶಿವಮೊಗ್ಗದ ಇಂಗ್ಲಿಷ್ ಮೇಷ್ಟ್ರು

ವಕೀಲರು ಕಾನೂನಿನ ಕಡೆಯಿಂದ ಹೇಳಿದರು. ಭಾಷೆಯ ಕಡೆಯಿಂದ ನಾನೊಂದಿಷ್ಟು ಸೇರಿಸುತ್ತೇನೆ.

‘ಡಿವೋರ್ಸ್’ ಇಂಗ್ಲಿಷಿಗೆ ಬಂದದ್ದು 14ನೇ ಶತಮಾನದಲ್ಲಿ, ಫ್ರೆಂಚ್ ಮೂಲಕ ಲ್ಯಾಟಿನ್‌ನಿಂದ. ಮೂಲದಲ್ಲಿ ದಾರಿ ಬೇರೆಯಾಗುವುದು, ಪಕ್ಕಕ್ಕೆ ತಿರುಗುವುದು ಅಂತ. ಅದಕ್ಕೆ ಮುಂಚೆ ಅವರ ಸ್ವಂತ ಮಾತೊಂದು ಇತ್ತು, ‘ಹೀವ್‌ಗೆಡಾಲ್’. ಹೀವ್ ಅಂದರೆ ಮನೆತನ, ಸಂಸಾರ. ಗೆಡಾಲ್ ಅಂದರೆ ಬೇರ್ಪಡುವುದು. ಸಾವಿರ ವರ್ಷ ಹಿಂದಿನ ಇಂಗ್ಲಿಷ್ ಸುವಾರ್ತೆಯಲ್ಲಿ, ಹೆಂಡತಿಯನ್ನು ಬಿಡುವವನು ಅವಳಿಗೆ ಪತ್ರ ಕೊಡಲಿ ಅನ್ನುವ ಮತ್ತಾಯನ ಸಾಲಿನಲ್ಲಿ ಈ ಪದ ಇದೆ. ನನ್ನ ಮಟ್ಟಿಗೆ ಇದು ಡಿವೋರ್ಸ್‌ಗಿಂತ ಚೆನ್ನಾದ ಪದ. ನಮ್ಮಲ್ಲಿ ‘ಮನೆ ಒಡೆಯಿತು’ ಅನ್ನುತ್ತಾರಲ್ಲ, ಆ ನೋವು ಅದರೊಳಗೆ ಇದೆ.

ಅದೇ ಸಾಲನ್ನು ಹಿಡಿದು ಕೆಳಗೆ ಬಂದರೆ ಪದಗಳ ಇತಿಹಾಸವೇ ಕಾಣುತ್ತದೆ. 14ನೇ ಶತಮಾನದ ಕೊನೆಯ ವಿಕ್ಲಿಫ್ ಬೈಬಲ್‌ನಲ್ಲಿ ಅದು ‘ಲೈಬೆಲ್ ಆಫ್ ಫರ್ಸೇಕಿಂಗ್’, ತೊರೆದ ಚೀಟಿ. ಇವತ್ತು ಲೈಬೆಲ್ ಅಂದರೆ ಮಾನನಷ್ಟ. ಆಗ ಅದು ಚಿಕ್ಕ ಪುಸ್ತಕ, ಬರಹ ಅಷ್ಟೇ. 1611ರ ಕಿಂಗ್ ಜೇಮ್ಸ್ ಬೈಬಲ್‌ಗೆ ಬಂದಾಗ ‘ರೈಟಿಂಗ್ ಆಫ್ ಡಿವೋರ್ಸ್‌ಮೆಂಟ್’. ಅದರಲ್ಲೇ ಹೆಂಡತಿಯನ್ನು ಬಿಡುವುದಕ್ಕೆ ‘ಪುಟ್ ಅವೇ’ ಅನ್ನುತ್ತಾರೆ. ಬೇಡದ ಸಾಮಾನನ್ನು ಎತ್ತಿ ಆಚೆ ಇಡುವ ಮಾತು ಅದು. ಮಾಡುವವನು ಗಂಡು, ಮಾಡಿಸಿಕೊಳ್ಳುವವಳು ಹೆಣ್ಣು.

ಇನ್ನೊಂದು ಪದ ‘ಎಲೋಪ್’. ಈಗ ಹುಡುಗ ಹುಡುಗಿ ಓಡಿಹೋಗಿ ಮದುವೆ ಆಗುವುದಕ್ಕೆ ಬಳಸುತ್ತಾರೆ. ಹಳೆ ಕಾನೂನಿನಲ್ಲಿ ಅದು ಮದುವೆಯಾದ ಹೆಂಗಸು ಗಂಡನನ್ನು ಬಿಟ್ಟು ಇನ್ನೊಬ್ಬನ ಜೊತೆ ಹೋಗುವುದು. ಹೋಗಿ ಅಲ್ಲೇ ಉಳಿದವಳಿಗೆ ಗಂಡನ ಆಸ್ತಿಯಲ್ಲಿ ವಿಧವೆಯ ಪಾಲು ಇಲ್ಲ ಅಂತ 1285ರ ಶಾಸನವೇ ಇತ್ತು. 18ನೇ ಶತಮಾನದ ಇಂಗ್ಲೆಂಡ್, ಅಮೆರಿಕದ ಪತ್ರಿಕೆಗಳನ್ನು ತೆರೆದರೆ ಗಂಡಂದಿರ ಜಾಹೀರಾತು ಸಾಲುಸಾಲು. ನನ್ನ ಹೆಂಡತಿ ನನ್ನ ಹಾಸಿಗೆ ಊಟ ಬಿಟ್ಟು ಎಲೋಪ್ ಆಗಿದ್ದಾಳೆ, ಅವಳಿಗೆ ಯಾರೂ ಸಾಲ ಕೊಡಬೇಡಿ, ನಾನು ತೀರಿಸುವುದಿಲ್ಲ ಅಂತ. ಗಮನಿಸಿ, ಇನ್ನೊಬ್ಬ ಗಂಡಸಿನ ಸುಳಿವೇ ಇಲ್ಲದಾಗಲೂ ಈ ಪದ ಹಾಕುತ್ತಿದ್ದರು. ಹೊಡೆತ ತಾಳಲಾರದೆ ತವರಿಗೆ ಹೋದವಳೂ ಪತ್ರಿಕೆಯಲ್ಲಿ ‘ಎಲೋಪ್’ ಆದವಳೇ. ಅದಕ್ಕೆ ಉತ್ತರವಾಗಿ ತಮ್ಮದೇ ಜಾಹೀರಾತು ಹಾಕಿಸಿದ ಹೆಂಗಸರೂ ಇದ್ದರು ಅನ್ನುವುದು ನನಗೆ ಸಮಾಧಾನ ಕೊಡುವ ವಿಷಯ.

ಉತ್ತರ: ಕ್ಯಾಲಿಫೋರ್ನಿಯಾ ಕನ್ನಡಿಗ

ಮೇಡಂ, ನಿಮಗೆ ಮುಂದೆ ಅಮೆರಿಕದ ಕಾಗದವೂ ಬರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ತೀರ್ಪಿನ ನಮೂನೆಯಲ್ಲಿ ತಲೆಬರಹದ ಹತ್ತಿರ ಮೂರು ಚೌಕ ಇರುತ್ತವೆ: ಡಿಸಲ್ಯೂಷನ್, ಲೀಗಲ್ ಸೆಪರೇಷನ್, ನಲ್ಲಿಟಿ. ಡಿವೋರ್ಸ್ ಅನ್ನುವ ಚೌಕ ಇಲ್ಲ. ಊರಿನಲ್ಲಿ ಒಂದು ಕಚೇರಿಗೆ ನನ್ನ ಕಾಗದ ಕೊಟ್ಟಾಗ ಅಲ್ಲಿನವರು ‘ಇದು ಡಿಸಲ್ಯೂಷನ್, ಡಿವೋರ್ಸ್ ಡಿಕ್ರಿ ಎಲ್ಲಿ?’ ಅಂತ ವಾಪಸ್ ಕಳಿಸಿದರು. ಕಡೆಗೆ ಇಲ್ಲಿನ ವಕೀಲರಿಂದ ಪತ್ರ ಬರೆಸಿ ತರಿಸಬೇಕಾಯಿತು. ಆಗಲೇ ಕೊರಗಿದ್ದ ಅಮ್ಮನಿಗೆ ಆ ತಿಂಗಳುಗಳು ಸುಮ್ನೆ ಇನ್ನೊಂದು ಹೊರೆ.

ಪದ ಯಾಕೆ ಹೀಗಾಯಿತು ಅಂತ ಆಮೇಲೆ ಓದಿದೆ. ಇಲ್ಲಿ ಮುಂಚೆ ಡಿವೋರ್ಸ್ ಬೇಕಿದ್ದರೆ ಒಬ್ಬರ ತಪ್ಪು ಸಾಬೀತು ಮಾಡಬೇಕಿತ್ತು. ಅದಕ್ಕೆ ಜನ ಪಕ್ಕದ ನೆವಾಡಾಕ್ಕೆ ಹೋಗುತ್ತಿದ್ದರು. 1931ರಲ್ಲಿ ಅಲ್ಲಿ 6 ವಾರ ವಾಸ ಮಾಡಿದರೆ ಸಾಕು ಅಂತ ಮಾಡಿದ ಮೇಲೆ ಅಲ್ಲಿನ ರೀನೋ ಊರಿನ ಹೆಸರು ಹಿಡಿದು ‘ರೀನೋಗೆ ಹೋದಳು’ ಅಂದರೆ ಡಿವೋರ್ಸ್‌ಗೆ ಹೋದಳು ಅಂತಲೇ ಅರ್ಥ. 1969ರಲ್ಲಿ ಗವರ್ನರ್ ರೇಗನ್ ಸಹಿ ಹಾಕಿದ ಫ್ಯಾಮಿಲಿ ಲಾ ಕಾಯ್ದೆ 1970ರ ಜನವರಿ 1ರಿಂದ ಜಾರಿಗೆ ಬಂತು. ಯಾರದು ತಪ್ಪು ಅನ್ನುವ ಪ್ರಶ್ನೆ ತೆಗೆದರು. ಅದರ ಜೊತೆಗೆ ಡಿವೋರ್ಸ್ ಅನ್ನುವ ಪದವನ್ನೂ ಬದಲಿಸಿ ಡಿಸಲ್ಯೂಷನ್ ಮಾಡಿದರು. ಡಿವೋರ್ಸ್ ಅಂದ ತಕ್ಷಣ ಕಳಂಕ ಹೊರಿಸುವ ಮನಸ್ಸು ಹೋಗಲಿ ಅನ್ನುವ ಆಸೆ ಅದರ ಹಿಂದೆ ಇತ್ತು. ಕೋರ್ಟಿನ ಕಾಗದದಲ್ಲಿ ಪದ ಬದಲಾಯಿತು, ಜನ ಈಗಲೂ ಡಿವೋರ್ಸ್ ಅಂತಲೇ ಹೇಳುತ್ತಾರೆ. ನನಗಂತೂ ಹೊಸ ಪದವೇ ಇಷ್ಟ. ನಮ್ಮಿಬ್ಬರಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ.

ದಯವಿಟ್ಟು ಅನುವಾದದಲ್ಲಿ ‘ವಿವಾಹ ವಿಸರ್ಜನೆ’ ಅಂತ ಬರೆದು, ಪಕ್ಕದಲ್ಲೇ ‘ವಿಚ್ಛೇದನ ಎಂದೇ ಅರ್ಥ’ ಅಂತ ಒಂದು ಸಾಲು ಹಾಕಿ. ಕೌಂಟರಿನಲ್ಲಿ ನಿಂತವರಿಗೆ ಅದರಿಂದ ಬಹಳ ಉಪಕಾರ ಆಗುತ್ತದೆ.

ಮೈಸೂರಿನ ಅನುವಾದಕಿ

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ಕ್ಯಾಲಿಫೋರ್ನಿಯಾದ ಅಣ್ಣ, ನೀವು ಹೇಳಿದ ಸಾಲು ಖಂಡಿತ ಹಾಕುತ್ತೇನೆ. ವಕೀಲರೇ, ಒಂದು ಉಳಿಯಿತು. 2016ರ ಕಾಗದದ ಜೊತೆ ‘ಡಿಕ್ರಿ ನೈಸೈ’ ಅಂತ ಇನ್ನೊಂದು ಹಾಳೆ ಪಿನ್ ಮಾಡಿದ್ದಾರೆ. ಅದರ ತಾರೀಕು ಕೆಲವು ತಿಂಗಳು ಹಿಂದಿನದು. ಎರಡು ಸಲ ಡಿವೋರ್ಸ್ ಆಯಿತಾ?

ಧಾರವಾಡದ ಹಳೆ ವಕೀಲ

ಎರಡು ಸಲ ಅಲ್ಲ ಮೇಡಂ, ಎರಡು ಮೆಟ್ಟಿಲು. ‘ನೈಸೈ’ ಅಂದರೆ ಲ್ಯಾಟಿನ್‌ನಲ್ಲಿ ‘ಇಲ್ಲದಿದ್ದರೆ’. ಗೊತ್ತಾದ ಅವಧಿಯೊಳಗೆ ಯಾರೂ ಬಂದು ಸಕಾರಣ ತೋರಿಸದಿದ್ದರೆ ಮದುವೆ ಮುರಿಯುತ್ತದೆ ಅಂತ. ಇಂಗ್ಲೆಂಡಿನಲ್ಲಿ ಇದು ಬಂದದ್ದು 1860ರಲ್ಲಿ. ಗಂಡ ಹೆಂಡತಿ ಒಳಗೊಳಗೇ ಮಾತಾಡಿಕೊಂಡು ಸುಳ್ಳು ಸಾಕ್ಷಿ ಕೊಡುತ್ತಾರೆ ಅನ್ನುವ ಸಂಶಯ ಕೋರ್ಟಿಗೆ ಇತ್ತು. ಅದನ್ನು ಪತ್ತೆ ಹಚ್ಚಲು ಕ್ವೀನ್ಸ್ ಪ್ರಾಕ್ಟರ್ ಅನ್ನುವ ಅಧಿಕಾರಿಗೆ ನಡುವೆ ಬರುವ ಹಕ್ಕು ಕೊಟ್ಟರು. ಇಬ್ಬರೂ ಒಪ್ಪಿ ಬೇರೆಯಾಗುವುದೇ ಆಗ ಅಪರಾಧದ ಹಾಗೆ. ನಮ್ಮಲ್ಲಿ 1976ರಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೇ 13ಬಿ ಕಲಂ ಇದೆ, ಯೋಚಿಸಿ ನೋಡಿ.

ನಡುವಿನ ಈ ಅವಧಿ ಎಷ್ಟು ಬಿಗಿ ಅಂತ ತಿಳಿಯಲು ಇಂಗ್ಲೆಂಡಿನ ದೊರೆ ಎಂಟನೇ ಎಡ್ವರ್ಡ್ ಕಥೆ ಸಾಕು. ಅವನು ಮದುವೆ ಆಗಬೇಕೆಂದಿದ್ದ ವಾಲಿಸ್ ಸಿಂಪ್ಸನ್‌ಗೆ 1936ರ ಅಕ್ಟೋಬರ್ 27ರಂದು ಇಪ್ಸ್‌ವಿಚ್ ಕೋರ್ಟಿನಲ್ಲಿ ನೈಸೈ ಸಿಕ್ಕಿತು. ಡಿಸೆಂಬರ್‌ನಲ್ಲಿ ಅವನು ಸಿಂಹಾಸನ ಬಿಟ್ಟ. ಆಗಲೂ ಅವಳು ಕಾನೂನಿನ ಕಣ್ಣಲ್ಲಿ ಇನ್ನೊಬ್ಬನ ಹೆಂಡತಿಯೇ. ಯಾರಾದರೂ ಬಂದು ತಡೆದರೆ ಎಲ್ಲ ಮುಗಿಯಿತು. ಅವನು ಆಸ್ಟ್ರಿಯಾದಲ್ಲಿ, ಅವಳು ಫ್ರಾನ್ಸಿನಲ್ಲಿ, ದೂರ ದೂರವೇ ಇದ್ದರು. 1937ರ ಮೇ 3ರಂದು ಆಬ್ಸಲ್ಯೂಟ್ ಆಯಿತು, ಜೂನ್ 3ರಂದು ಮದುವೆ ಆದರು.

2022ರ ಏಪ್ರಿಲ್ 6ರಿಂದ ಇಂಗ್ಲೆಂಡಿನಲ್ಲಿ ನೈಸೈಗೆ ‘ಕಂಡಿಷನಲ್ ಆರ್ಡರ್’, ಆಬ್ಸಲ್ಯೂಟ್‌ಗೆ ‘ಫೈನಲ್ ಆರ್ಡರ್’ ಅಂತ ಹೆಸರು ಬದಲಿಸಿದರು. ತಪ್ಪು ಹೊರಿಸುವುದನ್ನೂ ತೆಗೆದರು. ಆದ್ದರಿಂದ ನಿಮ್ಮ ಮೊದಲಿನ ಎರಡೂ ಕಾಗದದ ಬೆಲೆ ಒಂದೇ. ಎರಡಕ್ಕೂ ‘ಅಂತಿಮ ವಿಚ್ಛೇದನ ಆದೇಶ’ ಅಂತಲೇ ಬರೆಯಬಹುದು, ಮೂಲದ ಹೆಸರನ್ನು ಕನ್ನಡ ಲಿಪಿಯಲ್ಲಿ ಜೊತೆಗೆ ಇಡಿ. ನೈಸೈಗೆ ‘ಷರತ್ತಿನ ವಿಚ್ಛೇದನ ಆದೇಶ’. ಎರಡೂ ತಾರೀಕು ಬರೆಯಿರಿ, ಅದಲು ಬದಲಾಗದ ಹಾಗೆ ನೋಡಿಕೊಳ್ಳಿ. ಮದುವೆ ಮುರಿದ ದಿನ ಅಂತ ಲೆಕ್ಕಕ್ಕೆ ಬರುವುದು ಆಬ್ಸಲ್ಯೂಟಿನ ತಾರೀಕು.